ನಾಯಿಮರಿ ಸಾಮಾನಲ್ಲ, ಡಿಕ್ಕಿಗೆ ಹಾಕಬೇಡಿ

ತೋಟ ಕಾಯೋಕೆ ಮುಧೋಳ ಮರಿಯೇ ಬೇಕು ಅಂತ ಮಲೆನಾಡಿನಿಂದ ಬಾಗಲಕೋಟೆ ಕಡೆಗೆ ಕಾರು ತಗೊಂಡು ಹೋಗುವ ರೈತಮಿತ್ರರಿದ್ದಾರೆ. ಸಂತೋಷ. ಆದರೆ ಮರಿ ಆರಿಸೋಕೆ ಅರ್ಧ ದಿನ ಕಳೆಯುವ ನಾವು, ಅದು ಏಳೆಂಟು ಗಂಟೆ ಕಾರಿನಲ್ಲಿ ಹೇಗೆ ಬರುತ್ತೆ ಅಂತ ಐದು ನಿಮಿಷ ಯೋಚಿಸಲ್ಲ.

ನಾನೂ ಹಾಗೇ ಮಾಡಿದವನೇ. ದಾರಿಯ ಹೋಟೆಲ್ ಎದುರು, ಬೀದಿನಾಯಿಗಳು ಓಡಾಡೋ ಜಾಗದಲ್ಲಿ ಮರಿಯನ್ನು ಇಳಿಸಿದ್ದೆ. ಮನೆಗೆ ಬಂದ ಐದನೇ ದಿನ ವಾಂತಿ, ರಕ್ತಭೇದಿ. ಪಾರ್ವೊ ಅಂದರು ಡಾಕ್ಟರು. ಉಳಿಯಲಿಲ್ಲ. ಅಲ್ಲೇ ಅಂಟಿತು ಅಂತ ಸಾಬೀತು ಮಾಡೋಕಾಗಲ್ಲ. ಆದರೆ ಆ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುತ್ತೆ; ಒಂದೇ ಡೋಸ್ ಲಸಿಕೆ ಮರಿಗೆ ಪೂರ್ತಿ ರಕ್ಷಣೆ ಕೊಡಲ್ಲ.

ಹಾಗಾಗಿ ನಾನು ಹೇಳೋದಿಷ್ಟೇ. 8 ವಾರ ತುಂಬದ ಮರಿ ತರಬೇಡಿ. ಲಸಿಕೆ ಕಾರ್ಡ್ ನೋಡದೆ ದುಡ್ಡು ಕೊಡಬೇಡಿ. ಹೊರಡುವ ಎರಡು ಮೂರು ಗಂಟೆ ಮುಂಚೆ ಸ್ವಲ್ಪವೇ ಊಟ ಹಾಕಿಸಿ. ದಾರಿಯಲ್ಲಿ ಹಾಲು, ಬಿಸ್ಕತ್ತು ಬೇಡ, ಆಗಾಗ ಗುಟುಕು ನೀರು ಸಾಕು. ತಾಯಿ ಮಲಗಿದ್ದ ಬಟ್ಟೆಯ ತುಂಡೊಂದನ್ನು ಕೇಳಿ ತನ್ನಿ. ಆ ವಾಸನೆಗೇ ಮರಿ ಎಷ್ಟೋ ಸಮಾಧಾನ ಆಗುತ್ತೆ. ಬುಟ್ಟಿಗೆ ಹಾಸಿ, ಪಕ್ಕದಲ್ಲಿ ಒಬ್ಬರು ಕೂತಿರಿ. ಎರಡು ಗಂಟೆಗೊಮ್ಮೆ ನಿಲ್ಲಿಸಿ. ಉಚ್ಚೆಗೆ ನೆಲದ ಮೇಲಲ್ಲ, ಹಳೇ ಪೇಪರ್ ಮೇಲೆ ಬಿಡಿ. ಬಿಸಿಲಲ್ಲಿ ಗಾಜು ಮುಚ್ಚಿದ ಕಾರಿನಲ್ಲಿ ಹತ್ತು ನಿಮಿಷವೂ ಬಿಟ್ಟು ಹೋಗಬೇಡಿ.

ಕರು ತರುವಾಗ ಗಾಡಿಗೆ ಹುಲ್ಲು ಹಾಸ್ತೀವಲ್ಲ, ಮರಿಗೆ ಯಾಕೆ ಗೋಣಿಚೀಲ? ಹತ್ತು ವರ್ಷ ನಮ್ಮ ತೋಟ ಕಾಯುವ ಜೀವಕ್ಕೆ ಒಂದು ದಿನ ನಾವು ಕಾವಲಿರೋಣ.