ಮಾತಿನ ಕೊನೆಯಕ್ಷರ ಉಳಿಯಲಿ

ಕೊಯಮತ್ತೂರಿನ ಗಣಪತಿ ಬಡಾವಣೆಯನ್ನು ಹಾದು ಹೋಗುವ ಸತ್ಯಮಂಗಲದ ರಸ್ತೆ ದಿಂಬಂ ಘಾಟಿ ಹತ್ತಿ ಚಾಮರಾಜನಗರ ಸೇರುತ್ತದೆ. ಆ ಸೀಮೆಯ ಎಷ್ಟೋ ದೇವಾಂಗ, ಒಕ್ಕಲಿಗ ಮನೆಗಳಲ್ಲಿ ಮಾತು ಕನ್ನಡ, ಓದುಬರಹ ತಮಿಳು. 1957ರಲ್ಲಿ ಕೊಯಮತ್ತೂರಿನ ಪಕ್ಷಿರಾಜ ಸ್ಟುಡಿಯೊದ ಶ್ರೀರಾಮುಲು ನಾಯ್ಡು ‘ಬೆಟ್ಟದ ಕಳ್ಳ’ ಎಂಬ ಕನ್ನಡ ಚಿತ್ರ ತೆಗೆದಾಗ ಸಂಭಾಷಣೆ ಕಾಗದದ ಮೇಲಿತ್ತು. ಮನೆಯ ಹಿರಿಯರು ಆಡುವ ಕನ್ನಡಕ್ಕೆ ಅಂಥ ಆಸರೆಯಿಲ್ಲ. ಅದು ಧ್ವನಿಯಲ್ಲಿ ಉಳಿದರೆ ಉಂಟು. ಆದ್ದರಿಂದಲೇ, ಆ ಮಾತನ್ನು ವಿಡಿಯೊ ಮಾಡಿ ಜೋಡಿಸುವವರು ಕ್ರಾಸ್‌ಫೇಡನ್ನು ಮಾತಿನ ಮೇಲೆ ಉದ್ದಕ್ಕೆ ಎಳೆಯಬಾರದು ಎನ್ನುತ್ತೇನೆ.

ಒಂದು ಕ್ಲಿಪ್ಪಿನ ಸದ್ದು ತಗ್ಗುತ್ತಿರುವಾಗಲೇ ಮುಂದಿನದರ ಸದ್ದು ಏರುವುದು ಕ್ರಾಸ್‌ಫೇಡ್. ವಿಡಿಯೊ ಜೋಡಿಸುವ ತಂತ್ರಾಂಶವಾದ ಪ್ರೀಮಿಯರ್ ಪ್ರೊದಲ್ಲಿ ನಾವು ಬದಲಿಸದಿದ್ದರೆ ಅದರ ಅವಧಿ 1 ಸೆಕೆಂಡ್. ಕತ್ತರಿಸಿದ ಜಾಗದ ಎರಡೂ ಬದಿಗೆ ಅರ್ಧರ್ಧ ಸೆಕೆಂಡ್ ಹರಡಿದರೆ, ಅಷ್ಟರಲ್ಲಿ ಎರಡು ಮೂರು ಅಕ್ಷರಗಳೇ ಮಸುಕಾಗಬಹುದು. ಬೇಡವೆಂದು ತೆಗೆದ ಮಾತಿನ ಚೂರೂ ನುಸುಳಬಹುದು. ಕನ್ನಡಕ್ಕೆ ಈ ಪೆಟ್ಟು ಜೋರು. ಬಂದವನು ಯಾರು, ಯಾವಾಗ ಬಂದ, ಯಾರಿಗೆ ಕೊಟ್ಟ ಎಂಬುದೆಲ್ಲ ನಮ್ಮಲ್ಲಿ ಪದದ ಕೊನೆಯ ಪ್ರತ್ಯಯದಲ್ಲಿದೆ. ‘ಬಂದ’ ಮತ್ತು ‘ಬಂದೆ’ ನಡುವಿನ ಅಂತರ ಒಂದೇ ಸ್ವರ. ಆ ಸೀಮೆಯ ಉಚ್ಚಾರದ ವಿಶೇಷವನ್ನು ಮುಂದೆ ಯಾರಾದರೂ ಅಧ್ಯಯನ ಮಾಡಲು ಕೂತರೆ ಅವರಿಗೆ ಬೇಕಾದದ್ದೂ ಈ ತುದಿಗಳೇ.

ಕ್ರಾಸ್‌ಫೇಡ್ ಇಲ್ಲದಿದ್ದರೆ ಜೋಡಣೆಯಲ್ಲಿ ‘ಟಕ್’ ಎನ್ನುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಧ್ವನಿತರಂಗವನ್ನು ನಡುಮಧ್ಯೆ ಕತ್ತರಿಸಿದಾಗ ಆ ಸದ್ದು ಹುಟ್ಟುತ್ತದೆ. ಅದನ್ನು ಅಡಗಿಸಲು 2 ಫ್ರೇಮ್ ಸಾಕು. ಸೆಕೆಂಡಿಗೆ 25 ಫ್ರೇಮಿನ ವಿಡಿಯೊದಲ್ಲಿ ಅದು 80 ಮಿಲಿಸೆಕೆಂಡ್. ಮಾತಿನ ನಡುವಿನ ಬಿಡುವಿನಲ್ಲಿ ಕತ್ತರಿಸಿದರೆ ಯಾವ ಅಕ್ಷರಕ್ಕೂ ತಾಗುವುದಿಲ್ಲ. ಇನ್ನೊಂದು ಆಕ್ಷೇಪ ಹಿನ್ನೆಲೆಯದು: ಗಣಪತಿಯಂಥ ಕಾರ್ಖಾನೆಗಳ ಬಡಾವಣೆಯಲ್ಲಿ ಒಂದು ಕ್ಲಿಪ್ಪಿನಲ್ಲಿ ಲೇತ್ ಯಂತ್ರದ ಗುಂಯ್‌ಗುಡುವಿಕೆ ಇದ್ದು ಮುಂದಿನದರಲ್ಲಿ ಇಲ್ಲದಿದ್ದರೆ ಕಿವಿಗೆ ಒಡೆದು ಕೇಳುತ್ತದೆ, ಉದ್ದದ ಕ್ರಾಸ್‌ಫೇಡ್ ಬೇಕೇ ಬೇಕು ಎಂದು. ಬೇಕು, ಆದರೆ ಮಾತಿಗಲ್ಲ. ಯಾರೂ ಮಾತಾಡದ ಅರ್ಧ ನಿಮಿಷ ಅದೇ ಕೋಣೆಯ ಸದ್ದನ್ನು ರೆಕಾರ್ಡ್ ಮಾಡಿ, ಬೇರೆ ಟ್ರ್ಯಾಕಿನಲ್ಲಿ ಮಾತಿನ ಕೆಳಗೆ ಹಾಸಿ, ಉದ್ದದ ಕ್ರಾಸ್‌ಫೇಡನ್ನು ಅಲ್ಲಿ ಹಾಕಬಹುದು. ಪ್ರತಿ ಜೋಡಣೆಗೂ ಇಷ್ಟು ಪುರಸೊತ್ತು ಎಲ್ಲಿ ಎನ್ನುವವರು ಸೆಟ್ಟಿಂಗಿನಲ್ಲಿರುವ ಆ 1 ಸೆಕೆಂಡನ್ನು ಒಮ್ಮೆ 2 ಫ್ರೇಮಿಗೆ ಇಳಿಸಿದರೆ ಮುಂದಿನ ಜೋಡಣೆಗಳಿಗೆಲ್ಲ ಅದೇ ಅಳತೆ ಬೀಳುತ್ತದೆ.