ತಲೆಗೆ ಬಿದ್ದ ಪೆಟ್ಟು, ಮುನ್ನೂರು ಕಿಲೋಮೀಟರ್ ದಾರಿ

ಶಿವಮೊಗ್ಗ ಜಿಲ್ಲೆಯ ಉಡುತಡಿಯ ಸುತ್ತ, ಶಿಕಾರಿಪುರ–ಸೊರಬ ಸೀಮೆಯಲ್ಲಿ ವೀರಗಲ್ಲುಗಳಿಗೆ ಕೊರತೆಯಿಲ್ಲ. ಕೆಳಗಿನ ಪಟ್ಟಿಯಲ್ಲಿ ಕಾದಾಟ, ಅದರ ಮೇಲೆ ಅಪ್ಸರೆಯರೊಡನೆ ಸ್ವರ್ಗಯಾತ್ರೆ. ಗಾಯಗೊಂಡು ಬದುಕಿದವನಿಗೆ ಅಲ್ಲಿ ಜಾಗವಿಲ್ಲ. ಹತ್ತಿರದ ಬಳ್ಳಿಗಾವಿಯ ಕೋಡಿಮಠದಲ್ಲಿ ಮಾತ್ರ ರೋಗಿಗಳಿಗೆ ಚಿಕಿತ್ಸೆ ಸಿಗುತ್ತಿತ್ತೆಂದು 1162ರ ಶಾಸನ ಹೇಳುತ್ತದೆ.

ತಲೆಬುರುಡೆ ಒಡೆದ ಸೈನಿಕನನ್ನೂ ಉಳಿಸಬಹುದೆಂದು ಮೊದಲ ಮಹಾಯುದ್ಧ ತೋರಿಸಿತು. 1917ರಲ್ಲಿ ನರಶಸ್ತ್ರಚಿಕಿತ್ಸಕ ಹಾರ್ವೆ ಕುಶಿಂಗ್ ರಬ್ಬರ್ ಕೊಳವೆಯಿಂದ ಜಜ್ಜಿದ ಮಿದುಳಿನ ಭಾಗವನ್ನು ಹೀರಿ ತೆಗೆದು, ಮೂಳೆಚೂರು ಆಯ್ದು, ಗಾಯವನ್ನು ಬಿಗಿಯಾಗಿ ಹೊಲಿದರು. ಅರ್ಧಕ್ಕೂ ಮೀರಿದ್ದ ಸಾವಿನ ಪ್ರಮಾಣ ಶೇ. 30ರೊಳಗೆ ಇಳಿಯಿತು. ಇರಾಕ್, ಅಫ್ಗಾನಿಸ್ತಾನದ ಯುದ್ಧಗಳಲ್ಲಿ ಬುರುಡೆಯ ದೊಡ್ಡ ತುಂಡನ್ನೇ ಬೇಗ ತೆಗೆದು, ಊದಿದ ಮಿದುಳಿಗೆ ಜಾಗ ಮಾಡಿಕೊಟ್ಟರು. ನಮ್ಮಲ್ಲಿ ಆ ಮೂಳೆಯನ್ನು ಎಷ್ಟೋ ಸಲ ರೋಗಿಯ ಹೊಟ್ಟೆಯ ಚರ್ಮದಡಿಯೇ ಹುದುಗಿಸಿಟ್ಟು, ಆಮೇಲೆ ಮರಳಿ ಕೂರಿಸುತ್ತಾರೆ.

ಈ ವಿದ್ಯೆ ರಣರಂಗಕ್ಕಷ್ಟೇ ಅಲ್ಲ. ಶಿರಾಳಕೊಪ್ಪದ ರಸ್ತೆಯಲ್ಲಿ ಬೈಕಿನಿಂದ ಬಿದ್ದವನಿಗೂ ಅದೇ ಬೇಕು.

ಬೆಂಗಳೂರಿನ ಇಂದಿನ ನಿಮ್ಹಾನ್ಸ್‌ನಲ್ಲಿ ಡಾ. ಆರ್.ಎಂ. ವರ್ಮ 1958ರಲ್ಲೇ ನರಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದರು. ಉಡುತಡಿಯಿಂದ ಅದು ಮುನ್ನೂರು ಕಿ.ಮೀ.ಗೂ ದೂರ. ಊದುವ ಮಿದುಳು ಅಷ್ಟು ಹೊತ್ತು ಕಾಯುವುದಿಲ್ಲ. ದಾರಿಯಲ್ಲಿ ಆಮ್ಲಜನಕ ತಗ್ಗಿದರೆ, ರಕ್ತದೊತ್ತಡ ಕುಸಿದರೆ ಎಂಥ ಕುಶಲ ಕೈಯೂ ಸೋಲುತ್ತದೆ. ಹಾಗಾಗಿ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಹಗಲಿರುಳೂ ನರಶಸ್ತ್ರಚಿಕಿತ್ಸಕರು ಇರಲೇಬೇಕು. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಸಿ.ಟಿ. ಸ್ಕ್ಯಾನ್ ರೋಗಿಗಿಂತ ಮೊದಲೇ ಅವರ ಕಣ್ಣಿಗೆ ಬೀಳಬೇಕು. ಗಡಿಯಲ್ಲಿ ತಲೆಗೆ ಪೆಟ್ಟು ತಿಂದು ಮರಳಿದ ಯೋಧನಿಗೆ ಫಿಟ್ಸ್ ಮಾತ್ರೆ, ಮಾತು ಮತ್ತು ನಡಿಗೆಯ ತರಬೇತಿ ಶಿಕಾರಿಪುರದಲ್ಲೇ ಸಿಗಬೇಕು.