ಕೇರಿಗೆ ಬರುವ ಬಿಳಿ ಕೋಟುಗಳಿಗೆ



ಎಂಬಿಬಿಎಸ್ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ‘ದತ್ತು’ ತಗೋಬೇಕು ಅನ್ನೋದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಪಠ್ಯಕ್ರಮ. ಬರಬೇಡಿ ಅಂತ ನಾನು ಹೇಳ್ತಿಲ್ಲ. ಆದರೆ ನಾವು ಅನಾಥರಲ್ಲ.

ಕೈ ತೊಳೀರಿ ಅಂತ ಚಾರ್ಟ್ ಹಿಡಿದು ಹೇಳ್ತೀರಿ. ಊರಿಗೆ ಬಂದ ನಲ್ಲಿ ಕೇರಿಗೆ ಯಾಕೆ ಬರಲಿಲ್ಲ ಅನ್ನೋದು ನಿಮ್ಮ ಪ್ರಶ್ನಾವಳೀಲಿ ಇದೆಯಾ?

ರಕ್ಷಣಾ ಸಾಧನವಿಲ್ಲದೆ ಮನುಷ್ಯರನ್ನು ಮ್ಯಾನ್‌ಹೋಲಿಗೆ ಇಳಿಸೋದನ್ನು 2013ರ ಕಾಯ್ದೆ ನಿಷೇಧಿಸಿದೆ. ಆದರೂ ಸಾವು ನಿಂತಿಲ್ಲ. 2023ರಲ್ಲಿ ಸುಪ್ರೀಂ ಕೋರ್ಟು ಪರಿಹಾರವನ್ನು 10 ಲಕ್ಷದಿಂದ 30 ಲಕ್ಷಕ್ಕೆ ಏರಿಸಬೇಕಾಯ್ತು. ಹೈಡ್ರೋಜನ್ ಸಲ್ಫೈಡ್ ಹೇಗೆ ಕೊಲ್ಲುತ್ತೆ ಅಂತ ಓದ್ತೀರಿ. ಅದು ಯಾವ ಜಾತಿಯವರನ್ನ ಕೊಲ್ತಿದೆ ಅಂತಲೂ ಸಂಶೋಧನೆ ಮಾಡಿ. ವರದೀನ ಕೇರೀಲೇ ಓದಿ ಹೇಳಿ.

ಆಮೇಲೆ ಅದೇ ಚಾರ್ಟ್ ಹಿಡಿದು ಪುರಸಭೆಗೆ ಹೋಗಿ. ಜಾಗೃತಿ ಬೇಕಿರೋದು ಅಲ್ಲಿ.